ಮಂಗಳೂರಿಗೆ ಮಕ್ಕಳನ್ನು ಕರೆತರುವ ಶಿಕ್ಷಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಕ ಶಿಕ್ಷಕಿಯರೇ,



ಮಂಗಳೂರಿನ ಹಳೆಯ ಪೂಜಾಸ್ಥಳಗಳಲ್ಲಿ ಹೆಚ್ಚಿನವು ಹಳೆಯ ಬಂದರಿನ ಆಸುಪಾಸಿನಲ್ಲೇ ಇವೆ. ಬಂದರಿನ ಝೀನತ್ ಬಕ್ಷ್ ಜುಮ್ಮಾ ಮಸೀದಿ, ರಥಬೀದಿಯ ವೆಂಕಟರಮಣ ದೇವಸ್ಥಾನ, ರೊಸಾರಿಯೊ ಕೆಥೆಡ್ರಲ್, ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿ, ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್, ಬಲ್ಮಠದ ಶಾಂತಿ ಕೆಥೆಡ್ರಲ್, ಕುದ್ರೋಳಿಯ ಗೋಕರ್ಣನಾಥೇಶ್ವರ ಕ್ಷೇತ್ರ ಇವೆಲ್ಲ ಕೆಲವೇ ಕಿಲೋಮೀಟರುಗಳ ಒಳಗಿವೆ. ಕದ್ರಿಯ ಮಂಜುನಾಥ ದೇವಸ್ಥಾನ ಅಲ್ಲಿಂದ ಸ್ವಲ್ಪವೇ ಆಚೆ, ಗುಡ್ಡದ ಬುಡದಲ್ಲಿದೆ. ಡಿಸೆಂಬರ್, ಜನವರಿ ಬಂತೆಂದರೆ ನಾಡಿನ ಎಲ್ಲ ಕಡೆಯಿಂದ ಶಾಲಾ ಪ್ರವಾಸದ ಬಸ್ಸುಗಳು ಈ ಊರಿಗೆ ಬರುತ್ತವೆ. ಧರ್ಮಸ್ಥಳ ಮುಗಿಸಿಕೊಂಡು ಬಂದವು ಒಂದು ದೇವಸ್ಥಾನದ ಮುಂದೆ ಅರ್ಧ ಗಂಟೆ, ಪಿಲಿಕುಳದಲ್ಲಿ ಸ್ವಲ್ಪ ಹೊತ್ತು, ಪಣಂಬೂರಿನ ಕಡಲ ತೀರದಲ್ಲಿ ಸಂಜೆಯವರೆಗೆ ನಿಂತು ಉಡುಪಿಯ ದಾರಿ ಹಿಡಿಯುತ್ತವೆ. ಮಕ್ಕಳಿಗೆ ಕಡಲು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕಡಲಿನ ದಾರಿಯಲ್ಲಿ ಯಾರು ಯಾರು ಬಂದರು, ಬಂದವರು ಇಲ್ಲಿ ಏನು ಕಟ್ಟಿದರು ಎಂಬುದು ಈ ಕಟ್ಟಡಗಳಲ್ಲಿದೆ. ಅವನ್ನು ನೋಡಲು ತಮ್ಮ ಪ್ರವಾಸದ ಒಂದು ಪೂರ್ತಿ ದಿನವನ್ನು ಮೀಸಲಿಡಿ ಎಂಬುದೇ ಈ ಪತ್ರದ ಬೇಡಿಕೆ.

ಆರಂಭ ಕದ್ರಿಯಿಂದಾದರೆ ಒಳ್ಳೆಯದು. ಧರ್ಮಸ್ಥಳದ ಮಂಜುನಾಥನ ಲಿಂಗವನ್ನು ಅಣ್ಣಪ್ಪ ದೈವವು ಕದ್ರಿಯಿಂದ ತಂದಿತು ಎಂಬ ಐತಿಹ್ಯವಿರುವುದರಿಂದ, ಹಿಂದಿನ ದಿನ ಧರ್ಮಸ್ಥಳ ಕಂಡ ಮಕ್ಕಳಿಗೆ ಕದ್ರಿ ಅಪರಿಚಿತವೆನಿಸುವುದಿಲ್ಲ. ಧರ್ಮಸ್ಥಳದಲ್ಲಿ ದೇವರು ಶಿವ, ಪೂಜೆ ಮಾಡುವವರು ವೈಷ್ಣವರು, ಆಡಳಿತ ಜೈನ ಹೆಗ್ಗಡೆ ಮನೆತನದ್ದು. ಕದ್ರಿಯಲ್ಲಿ ಇನ್ನೊಂದು ಬಗೆಯ ಪದರುಗಳಿವೆ. ದೇವಸ್ಥಾನದೊಳಗಿನ ಲೋಕೇಶ್ವರನ ಕಂಚಿನ ಮೂರ್ತಿಗೆ ಮೂರು ಮುಖ, ಆರು ಕೈ. ಅದು ಬೌದ್ಧರ ಅವಲೋಕಿತೇಶ್ವರನ ರೂಪ. ಅದರ ಪೀಠದ ಶಾಸನವು ಆಳುಪ ಅರಸ ಕುಂದವರ್ಮನು ಕದರಿಕಾ ವಿಹಾರದಲ್ಲಿ ಈ ಮೂರ್ತಿಯನ್ನು ಸ್ಥಾಪಿಸಿದನೆಂದು ತಿಳಿಸುತ್ತದೆ. ಅದರ ಕಾಲವನ್ನು ಸಾಮಾನ್ಯವಾಗಿ ಕ್ರಿ.ಶ. 968 ಎಂದು ಗಣಿಸುತ್ತಾರೆ. ಅದೇ ಶಾಸನ ಅರಸನನ್ನು ಶಿವಭಕ್ತನೆಂದೂ ವರ್ಣಿಸುತ್ತದೆ. ಶಿವನಿಗೆ ನಡೆದುಕೊಳ್ಳುತ್ತಿದ್ದ ದೊರೆ ಬೌದ್ಧ ವಿಹಾರದಲ್ಲಿ ಮೂರ್ತಿ ನಿಲ್ಲಿಸಿದ ಎಂಬ ಈ ಒಂದು ಸಂಗತಿಯನ್ನು ಏಳನೇ ತರಗತಿಯ ಮಕ್ಕಳಿಗೆ ಮೂರ್ತಿಯ ಮುಂದೆಯೇ ನಿಲ್ಲಿಸಿ ಹೇಳಬೇಕು. ಮೇಲಿನ ಗುಡ್ಡದಲ್ಲಿ ನಾಥಪಂಥದ ಜೋಗಿ ಮಠವಿದೆ. ಅದರ ಅರಸುಗುರು ಹನ್ನೆರಡು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಹೊಸಬರು ನಾಸಿಕದ ತ್ರ್ಯಂಬಕೇಶ್ವರದಲ್ಲಿ ಆಯ್ಕೆಯಾಗಿ ಸಾಧುಗಳ ತಂಡದೊಡನೆ ಕಾಲ್ನಡಿಗೆಯಲ್ಲಿ ಇಲ್ಲಿಗೆ ಬರುತ್ತಾರೆ. ಬೌದ್ಧ, ನಾಥ, ಶೈವ ಮೂರೂ ಒಂದೇ ಗುಡ್ಡದಲ್ಲಿ ಹೀಗೆ ಒಂದರ ಮೇಲೊಂದು ಕೂತಿರುವುದನ್ನು ಪಠ್ಯಪುಸ್ತಕದ ಪುಟದಲ್ಲಿ ತೋರಿಸುವುದು ಕಷ್ಟ, ಕದ್ರಿಯಲ್ಲಿ ಸುಲಭ.

ಬಂದರಿನ ಮಾತಿಗೆ ಬಂದರೆ, ಅಲ್ಲಿಗೆ ಬಂದವರಲ್ಲಿ ಕೆಲವರ ಪೂಜಾಸ್ಥಳ ಇಂದು ಇಲ್ಲ. ಟ್ಯುನೀಶಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ 12ನೇ ಶತಮಾನದಲ್ಲಿ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಮಂಗಳೂರಿನಲ್ಲಿದ್ದು ಲೋಹದ ಪಾತ್ರೆಗಳ ಕಾರ್ಖಾನೆ ನಡೆಸಿದ. ಆಶು ಎಂಬ ದಾಸಿಯನ್ನು 1132ರಲ್ಲಿ ಇದೇ ಊರಿನಲ್ಲಿ ಬಿಡುಗಡೆ ಮಾಡಿದ. ಅವನ ಕಾಗದಪತ್ರಗಳು ಸಿಕ್ಕಿದ್ದು ಕೈರೋದ ಹಳೆಯ ಸಿನಗಾಗ್ ಒಂದರ ಉಗ್ರಾಣದಲ್ಲಿ. 1340ರ ದಶಕದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ, ಊರಿನ ಪಕ್ಕದಲ್ಲಿ ಸುಮಾರು 4,000 ಮುಸ್ಲಿಮರ ಕೇರಿಯಿತ್ತೆಂದು ಬರೆದಿದ್ದಾನೆ. ಅವರಿಗೂ ಊರಿನವರಿಗೂ ಆಗಾಗ ಜಗಳವಾಗುತ್ತಿತ್ತೆಂದೂ, ವ್ಯಾಪಾರಿಗಳು ತನಗೆ ಬೇಕಾಗಿದ್ದ ಕಾರಣ ಅರಸನೇ ನಡುವೆ ನಿಂತು ರಾಜಿ ಮಾಡಿಸುತ್ತಿದ್ದನೆಂದೂ ಅವನೇ ಹೇಳುತ್ತಾನೆ. ಇದನ್ನು ಮಕ್ಕಳಿಂದ ಮರೆಮಾಚಬೇಕಾದ್ದಿಲ್ಲ. ಕರಾವಳಿಯಲ್ಲಿ ಎಲ್ಲರೂ ಸದಾ ಅಣ್ಣತಮ್ಮಂದಿರಂತೆ ಬಾಳಿದರು ಎಂಬ ಸವಿಮಾತು ಮಕ್ಕಳ ಮನಸ್ಸಿನಲ್ಲಿ ಹೆಚ್ಚು ದಿನ ನಿಲ್ಲದು. ದಿನಪತ್ರಿಕೆ ಓದತೊಡಗಿದ ಕೂಡಲೇ ಅವರಿಗೆ ಅದು ಸುಳ್ಳೆನಿಸುತ್ತದೆ. ಜಗಳವಿತ್ತು, ರಾಜಿ ಮಾಡಿಸುವವರೂ ಇದ್ದರು, ಇಬ್ಬರೂ ಇದೇ ಬೀದಿಯಲ್ಲಿ ಉಳಿದರು ಎಂದು ಹೇಳಿದರೆ ಅವರಿಗೆ ಅರ್ಥವಾಗುತ್ತದೆ.

ಝೀನತ್ ಬಕ್ಷ್ ಮಸೀದಿಯ ಮೂಲವನ್ನು ಐತಿಹ್ಯವು ಅರಬ್ ನಾಡಿನಿಂದ ಬಂದ ಮಾಲಿಕ್ ದೀನಾರರ ತಂಡಕ್ಕೂ ಕ್ರಿ.ಶ. 644ಕ್ಕೂ ಕೊಂಡೊಯ್ಯುತ್ತದೆ. ಈಗಿನ ಹೆಸರು ಟಿಪ್ಪು ಸುಲ್ತಾನನ ಕಾಲದ್ದು, ಅವನ ಮಗಳದೆಂದು ಹೇಳುತ್ತಾರೆ. ಹೊರಗಿನಿಂದ ನೋಡಿದರೆ ಸಿನಿಮಾಗಳಲ್ಲಿ ತೋರಿಸುವ ಮಸೀದಿಗಳ ಹಾಗಿಲ್ಲ. ಹಳೆಯ ಭಾಗಕ್ಕೆ ಕರಾವಳಿಯ ಮನೆಗಳಿಗಿರುವಂಥ ಇಳಿಜಾರು ಮಾಡು. ಒಳಗಿನ ಪ್ರಾರ್ಥನಾಂಗಣದ ಮರದ ಕಂಬಗಳಲ್ಲಿ ಈ ನೆಲದ ಬಡಗಿಗಳ ಕೆತ್ತನೆಯಿದೆ. ಇದೇ ಜಿಲ್ಲೆಯ ಗುತ್ತಿನ ಮನೆಗಳ, ಬಸದಿಗಳ ಕಂಬಗಳನ್ನು ಕಂಡವರಿಗೆ ಆ ಕೈಯ ಗುರುತು ತಕ್ಷಣ ಸಿಗುತ್ತದೆ. ಇಲ್ಲಿಯ ಕರಾವಳಿಯ ಮುಸ್ಲಿಮರಾದ ಬ್ಯಾರಿಗಳು ಇದನ್ನು ಪಳ್ಳಿ ಎನ್ನುತ್ತಾರೆ. ಅವರ ಬ್ಯಾರಿ ಭಾಷೆಗೆ ಕರ್ನಾಟಕ ಸರ್ಕಾರ 2009ರಲ್ಲಿ ಸಾಹಿತ್ಯ ಅಕಾಡೆಮಿಯನ್ನು ಸ್ಥಾಪಿಸಿದೆ. ಮಸೀದಿಗೆ ಶುಕ್ರವಾರ ಹೋಗಬೇಡಿ. ಉಳಿದ ದಿನ ಮಧ್ಯಾಹ್ನದ ನಮಾಜ್ ಮುಗಿದ ಮೇಲೆ ಅಂಗಳ ಬಿಡುವಾಗಿರುತ್ತದೆ. ಹೆಣ್ಣುಮಕ್ಕಳಿಗೆ ಎಲ್ಲಿಯವರೆಗೆ ಪ್ರವೇಶವಿದೆ ಎಂಬುದನ್ನು ಆಡಳಿತ ಸಮಿತಿಯವರಲ್ಲಿ ಮುಂಚಿತವಾಗಿ ಕೇಳಿಕೊಳ್ಳಿ. ಗಂಡುಮಕ್ಕಳನ್ನು ಒಳಗೆ ಬಿಟ್ಟು ಹೆಣ್ಣುಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸುವ ಪರಿಸ್ಥಿತಿ ಬಾಗಿಲಲ್ಲಿ ನಿಂತಾಗ ಎದುರಾದರೆ ಅದು ಸಮಿತಿಯವರ ತಪ್ಪಾಗುವುದಿಲ್ಲ, ಮೊದಲೇ ಕೇಳದವರದಾಗುತ್ತದೆ.

ಪೋರ್ಚುಗೀಸರು ರೊಸಾರಿಯೊ ಇಗರ್ಜಿಯನ್ನು 1568ರಲ್ಲಿ ಬಂದರಿಗೆ ಹತ್ತಿರ ಕಟ್ಟಿದರು. ಈಗ ಕಾಣುವ ಗುಮ್ಮಟದ ಕಟ್ಟಡ 20ನೇ ಶತಮಾನದ್ದು. ಮಿಲಾಗ್ರಿಸ್ 1680ರಲ್ಲಿ ಬಿಷಪ್ ಥಾಮಸ್ ಡಿ ಕ್ಯಾಸ್ಟ್ರೊ ಅವರಿಂದ ಸ್ಥಾಪನೆಯಾಯಿತು. ಈ ಇಗರ್ಜಿಗಳ ಭಕ್ತರಲ್ಲಿ ಹೆಚ್ಚಿನವರ ಹಿರಿಯರು ಗೋವೆಯಿಂದ ಬಂದವರು. ರಥಬೀದಿಯ ವೆಂಕಟರಮಣ ದೇವಸ್ಥಾನವನ್ನು ನಡೆಸುವ ಗೌಡ ಸಾರಸ್ವತರ ಹಿರಿಯರೂ ಗೋವೆಯವರೇ. ಒಬ್ಬರು ಪೋರ್ಚುಗೀಸರ ಆಳ್ವಿಕೆಯಲ್ಲಿ ತಮ್ಮ ದೇವರನ್ನು ಉಳಿಸಿಕೊಳ್ಳಲು ಹೊರಟವರು. ಇನ್ನೊಬ್ಬರು ಕ್ರೈಸ್ತರಾದ ಮೇಲೂ ಅಲ್ಲಿನ ಧರ್ಮವಿಚಾರಣೆ, ಬರ, ದಾಳಿಗಳಿಂದ ಬೇಸತ್ತು ಹೊರಟವರು. ಇಬ್ಬರ ಮನೆಮಾತೂ ಕೊಂಕಣಿ. ರಥಸಪ್ತಮಿಯ ಸುಮಾರಿಗೆ ವೆಂಕಟರಮಣ ದೇವಸ್ಥಾನದಲ್ಲಿ ನಡೆಯುವ ಕೊಡಿಯಾಲ್ ತೇರಿನ ಜಾತ್ರೆಯಲ್ಲೂ, ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲೂ ಕೇಳುವುದು ಅದೇ ಭಾಷೆಯ ಎರಡು ರೂಪ. ಮೊಂತಿ ಹಬ್ಬಕ್ಕೆ ಮೊದಲ ಒಂಬತ್ತು ದಿನ ಮಕ್ಕಳು ಹೂ ತಂದು ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಗುರುಗಳು ಆಶೀರ್ವದಿಸಿ ಹಂಚುತ್ತಾರೆ, ಮನೆಯಲ್ಲಿ ತೆನೆಯ ಅಕ್ಕಿಯನ್ನು ಹಾಲಿಗೆ ಸೇರಿಸಿ ಎಲ್ಲರೂ ಹಂಚಿಕೊಳ್ಳುತ್ತಾರೆ, ಊಟಕ್ಕೆ ತರಕಾರಿ ಮಾತ್ರ. ತುಳುವರ ಮನೆಗಳ ಕುರಲ್ ಪರ್ಬದಲ್ಲೂ ಕೊಡಗಿನ ಹುತ್ತರಿಯಲ್ಲೂ ಮನೆಗೆ ಬರುವುದು ಇದೇ ಹೊಸ ತೆನೆ. ಬಯಲುಸೀಮೆಯಿಂದ ಬರುವ ಮಕ್ಕಳು ತಮ್ಮೂರಿನ ಸುಗ್ಗಿಯ ಹಬ್ಬವನ್ನು ಇದರ ಪಕ್ಕದಲ್ಲಿಟ್ಟು ನೋಡಲಿ.

ಮಿಲಾಗ್ರಿಸ್‌ನಲ್ಲಿ ಒಂದು ಕಠಿಣ ಅಧ್ಯಾಯವನ್ನೂ ಹೇಳಬೇಕಾಗುತ್ತದೆ. 1784ರಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಸಂಶಯದ ಮೇಲೆ, ಟಿಪ್ಪು ಸುಲ್ತಾನ ಕೆನರಾದ ಕ್ಯಾಥೊಲಿಕರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಮಿಲಾಗ್ರಿಸ್ ಸೇರಿದಂತೆ ಹಲವು ಇಗರ್ಜಿಗಳು ನೆಲಸಮವಾದವು. ಎಷ್ಟು ಜನ ಸೆರೆಯಾದರು ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ದಾರಿಯಲ್ಲೂ ಸೆರೆಯಲ್ಲೂ ಬಹಳ ಮಂದಿ ಸತ್ತರೆಂಬುದರಲ್ಲಿ ಸಂಶಯವಿಲ್ಲ. ಉಳಿದವರು 1799ರ ನಂತರ ಮರಳಿ ಬಂದರು. ಹೀಗೆ ಟಿಪ್ಪುವಿನ ಹೆಸರು ಬಂದರಿನ ಮಸೀದಿಯಲ್ಲಿ ಕೃತಜ್ಞತೆಯಿಂದಲೂ, ಮೈಲು ದೂರದ ಇಗರ್ಜಿಯಲ್ಲಿ ನೋವಿನಿಂದಲೂ ನೆನಪಾಗುತ್ತದೆ. ಎರಡನ್ನೂ ಒಂದೇ ದಿನ, ಒಂದೇ ದನಿಯಲ್ಲಿ ಹೇಳಬಲ್ಲವರು ಶಿಕ್ಷಕರು ಮಾತ್ರ. ರಾಜಕೀಯ ವೇದಿಕೆಯ ಮೇಲೆ ನಿಂತವರು ಒಂದನ್ನು ಹೇಳಿ ಇನ್ನೊಂದನ್ನು ಬಿಡುತ್ತಾರೆ. ದಯವಿಟ್ಟು ತಾವು ಹಾಗೆ ಮಾಡಬೇಡಿ.

ಬಾಸೆಲ್ ಮಿಷನ್ನಿನ ಮೊದಲ ಮೂವರು ಪಾದ್ರಿಗಳು 1834ರಲ್ಲಿ ಬಂದಿಳಿದರು. ಬಲ್ಮಠದ ಶಾಂತಿ ಕೆಥೆಡ್ರಲ್ 1862ರದು. ಒಳಗೆ ಮೂರ್ತಿಗಳಿಲ್ಲ, ಅಲಂಕಾರ ಕಡಿಮೆ, ಆರಾಧನೆಯ ಭಾಷೆ ಕನ್ನಡ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದ ಹರ್ಮನ್ ಮೊಗ್ಲಿಂಗ್, 1894ರಲ್ಲಿ ಅಚ್ಚಾದ ನಿಘಂಟನ್ನು ರಚಿಸಿದ ಫರ್ಡಿನೆಂಡ್ ಕಿಟ್ಟೆಲ್ ಇಬ್ಬರೂ ಈ ಮಿಷನ್ನಿನವರು. ಕನ್ನಡ ಕಲಿಸುವ ಶಿಕ್ಷಕರಿಗಂತೂ ಬಲ್ಮಠದ ಈ ಆವರಣ ನೋಡದೆ ಹೋಗಬಾರದ ಜಾಗ. 1865ರಲ್ಲಿ ಜೆಪ್ಪುವಿನ ಬಳಿ ನೇತ್ರಾವತಿಯ ದಡದಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದವರೂ ಈ ಮಿಷನ್ನಿನವರೇ. ಮುಂದೆ ಮಂಗಳೂರು ಹೆಂಚು ಈ ಜಿಲ್ಲೆಯ ದೇವಸ್ಥಾನ, ಮಸೀದಿ, ಇಗರ್ಜಿ, ದೈವಸ್ಥಾನಗಳ ಮಾಡಿಗೆಲ್ಲ ಏರಿತು. ಒಂದೇ ನೆಲದ ಮಣ್ಣು ಎಲ್ಲರ ದೇವರನ್ನೂ ಮಳೆಯಿಂದ ಕಾಯಿತು ಎಂಬುದನ್ನು ಮಕ್ಕಳು ತಲೆಯೆತ್ತಿ ನೋಡಿ ತಾವೇ ಕಂಡುಕೊಳ್ಳಬಹುದು.

ಅಲೋಶಿಯಸ್ ಚಾಪೆಲ್‌ಗೆ ಕನಿಷ್ಠ ಒಂದು ಗಂಟೆ ಬೇಕು. 1880ರಲ್ಲಿ ಆರಂಭವಾದ ಕಾಲೇಜಿನ ಈ ಪ್ರಾರ್ಥನಾ ಮಂದಿರದ ಗೋಡೆ ಮತ್ತು ಮೇಲ್ಛಾವಣಿಗಳನ್ನು ಇಟಲಿಯ ಜೆಸ್ವಿಟ್ ಸಹೋದರ ಆಂಟೋನಿಯೊ ಮೊಸ್ಕೆನಿ 1899ರಿಂದ 1901ರವರೆಗೆ ಚಿತ್ರಗಳಿಂದ ತುಂಬಿದರು. ಗೋಡೆಯ ಚಿತ್ರಗಳು ಫ್ರೆಸ್ಕೊ ವಿಧಾನದವು. ಸುಣ್ಣದ ಗಾರೆ ಹಸಿಯಿರುವಾಗಲೇ ಬಣ್ಣ ಹಚ್ಚಬೇಕು. ಗಾರೆ ಒಣಗುತ್ತ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಆದ್ದರಿಂದ ಒಂದು ದಿನಕ್ಕೆ ಎಷ್ಟು ಬರೆಯಲು ಸಾಧ್ಯವೋ ಅಷ್ಟೇ ಗಾರೆ ಬಳಿಯಬೇಕು, ತಪ್ಪಾದರೆ ಕೆರೆದು ಹೊಸದಾಗಿ ಬಳಿಯಬೇಕು. ಮೇಲ್ಛಾವಣಿಯ ಚಿತ್ರಗಳು ಬಟ್ಟೆಯ ಮೇಲೆ ತೈಲವರ್ಣದಲ್ಲಿ ಬರೆದು ಅಂಟಿಸಿದಂಥವು. ನಡುವಿನವು ಸಂತ ಅಲೋಶಿಯಸ್ ಗೊನ್ಝಾಗನ ಜೀವನದ ಘಟನೆಗಳನ್ನು ಹೇಳುತ್ತವೆ. ಮೊಸ್ಕೆನಿ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಮಂಗಳೂರಿನ ಮಳೆಯ ತೇವಕ್ಕೆ ಹಾಳಾಗುತ್ತಿದ್ದ ಚಿತ್ರಗಳನ್ನು 1990ರ ದಶಕದ ಮೊದಲ ವರ್ಷಗಳಲ್ಲಿ ಇಂಟ್ಯಾಕ್ ಸಂಸ್ಥೆ ದುರಸ್ತಿ ಮಾಡಿತು. ಒಳಗೆ ಫೋಟೋ ತೆಗೆಯಲು ನಿರ್ಬಂಧವಿದೆ. ಮಕ್ಕಳ ಕೈಯಲ್ಲಿ ಮೊಬೈಲ್ ಬದಲು ಪೆನ್ಸಿಲ್ ಮತ್ತು ಹಾಳೆ ಕೊಡಿ, ಒಂದೊಂದು ಚಿತ್ರದ ಎದುರು ಕುಳಿತು ನೋಡಲು ಬಿಡಿ.

ಕುದ್ರೋಳಿಯ ಕ್ಷೇತ್ರಕ್ಕೆ ಈ ಊರಿನ ಉಳಿದ ದೇವಸ್ಥಾನಗಳಿಗಿಲ್ಲದ ಒಂದು ಹಿನ್ನೆಲೆಯಿದೆ. ದೇವಸ್ಥಾನಗಳೊಳಗೆ ಬಿಲ್ಲವರಿಗೆ ಪ್ರವೇಶವಿಲ್ಲದ ಕಾಲದಲ್ಲಿ ಸಮುದಾಯದ ಮುಖಂಡರು ಕೇರಳದ ನಾರಾಯಣ ಗುರುಗಳನ್ನು ಕಂಡು ಕರೆತಂದರು. 1912ರಲ್ಲಿ ಗುರುಗಳು ಇಲ್ಲಿ ಶಿವಲಿಂಗವನ್ನು ಪ್ರತಿಷ್ಠಾಪಿಸಿದರು. ಈ ಜಿಲ್ಲೆ ಆಗ ಸೇರಿದ್ದ ಮದ್ರಾಸ್ ಪ್ರಾಂತದಲ್ಲಿ ಎಲ್ಲ ಹಿಂದೂಗಳಿಗೂ ದೇವಸ್ಥಾನಗಳನ್ನು ತೆರೆಯುವ ಕಾನೂನು ಬಂದದ್ದು 1947ರಲ್ಲಿ. ಮೂವತ್ತೈದು ವರ್ಷ ಮೊದಲೇ ಇಲ್ಲಿಯ ಬಾಗಿಲು ತೆರೆದಿತ್ತು. 1991ರಲ್ಲಿ ದೇವಸ್ಥಾನ ಹೊಸ ರೂಪ ಪಡೆಯಿತು, ಮಂಗಳೂರು ದಸರಾ ಇಲ್ಲಿಂದಲೇ ಬೆಳೆಯಿತು. 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಲಾಯಿತು. ಬಂಗಾರ ಬಣ್ಣದ ಗೋಪುರದ ಮುಂದೆ ಗುಂಪುಚಿತ್ರ ತೆಗೆಸಿಕೊಂಡು ಹೊರಡುವ ಬಸ್ಸುಗಳೇ ಹೆಚ್ಚು. ಈ ಕಥೆಯನ್ನು ಹೇಳುವಷ್ಟು ಹೊತ್ತಾದರೂ ಅಲ್ಲಿ ಮಕ್ಕಳನ್ನು ಕೂರಿಸಿ.

ತುಳುನಾಡಿನಲ್ಲಿ ದೈವಾರಾಧನೆಯನ್ನು ಬಿಟ್ಟು ಪೂಜಾಸ್ಥಳಗಳ ಮಾತು ಪೂರ್ತಿಯಾಗುವುದಿಲ್ಲ. ಕಂಕನಾಡಿಯ ಗರಡಿ ತುಳುನಾಡಿನ ಅವಳಿ ವೀರರಾದ ಕೋಟಿ ಚೆನ್ನಯರದು. ನೇತ್ರಾವತಿಯ ಆಚೆ ಕುತ್ತಾರಿನಲ್ಲಿ ಕೊರಗಜ್ಜನ ಕಟ್ಟೆಯಿದೆ. ಅಲ್ಲಿ ಭಕ್ತರು ವೀಳ್ಯ, ಚಕ್ಕುಲಿ, ಮದ್ಯ ಒಪ್ಪಿಸುತ್ತಾರೆ. ಕಳೆದುಹೋದದ್ದು ಸಿಗಲೆಂದು ಹರಕೆ ಹೊರುವವರಲ್ಲಿ ಎಲ್ಲ ಜಾತಿ, ಎಲ್ಲ ಮತದವರೂ ಇದ್ದಾರೆ. ತುಳು ಜನಪದ ಹಾಡಾದ ಪಾಡ್ದನದ ಪ್ರಕಾರ ಅಜ್ಜನು ಕೊರಗ ತನಿಯ ಎಂಬ ಹುಡುಗ, ಅವನನ್ನು ಸಾಕಿದಾಕೆ ಬೈದ್ಯೆದಿ. ದೇವಸ್ಥಾನಕ್ಕೆ ಹೊರೆ ಹೊತ್ತು ತಂದ ಅವನನ್ನು ಒಳಗೆ ಬಿಡಲಿಲ್ಲ, ಅಲ್ಲಿಯೇ ಅವನು ಮಾಯವಾದ. ಹೊರಗೆ ನಿಲ್ಲಿಸಲ್ಪಟ್ಟವನೇ ಮುಂದೆ ದೈವವಾದ. ಅವನ ಕೊರಗ ಸಮುದಾಯವನ್ನು ಅಜಲು ಎಂಬ ಅಮಾನುಷ ಪದ್ಧತಿಯಿಂದ ಬಿಡಿಸಲು ರಾಜ್ಯವು 2000ದಲ್ಲಿ ನಿಷೇಧ ಕಾಯ್ದೆ ತರಬೇಕಾಯಿತು ಎಂಬುದನ್ನೂ ಅದೇ ಕಟ್ಟೆಯ ಬಳಿ ಹೇಳಿ.

ಇಲ್ಲಿ ಒಂದು ಕಟ್ಟುನಿಟ್ಟಿನ ವಿನಂತಿ. 2022ರಲ್ಲಿ ‘ಕಾಂತಾರ’ ಚಲನಚಿತ್ರ ಬಂದ ಮೇಲೆ ಶಾಲಾ ವಾರ್ಷಿಕೋತ್ಸವಗಳಲ್ಲಿ ದೈವದ ವೇಷ ಹಾಕಿ, ಅಣಿ ಕಟ್ಟಿ ಕುಣಿಸುವುದು ಹಲವು ಕಡೆ ನಡೆದಿದೆ. ದೈವ ಕಟ್ಟುವುದು ಪಂಬದ, ಪರವ, ನಲಿಕೆ ಸಮುದಾಯಗಳ ವಂಶಪಾರಂಪರ್ಯದ ಸೇವೆ. ವ್ರತನಿಯಮ ಪಾಲಿಸಿ, ಎಣ್ಣೆ ವೀಳ್ಯ ಪಡೆದು, ಬಣ್ಣ ಹಚ್ಚಿಕೊಂಡು, ಕಾಲಿಗೆ ಗಗ್ಗರ ಕಟ್ಟಿ ನಿಂತ ಮೇಲೆ ಆತ ನಂಬಿದವರಿಗೆ ನಟನಲ್ಲ. ಚಪ್ಪಾಳೆಗಾಗಿ ಅದನ್ನು ವೇದಿಕೆಗೆ ತರುವುದು ಇಲ್ಲಿಯ ಜನರನ್ನು ಆಳವಾಗಿ ನೋಯಿಸುತ್ತದೆ. ಮಕ್ಕಳು ಗರಡಿಯನ್ನೋ ಕಟ್ಟೆಯನ್ನೋ ನೋಡಲಿ, ನೇಮದ, ಅಂದರೆ ದೈವದ ಉತ್ಸವದ, ಆಹ್ವಾನ ಸಿಕ್ಕರೆ ರಾತ್ರಿಯಿಡೀ ಕುಳಿತು ನೋಡಲಿ. ಆದರೆ ಮರುದಿನ ಅದನ್ನು ಅಣಕಿಸುವುದು ಬೇಡ.

ಸಮಯವಿದ್ದರೆ ಇನ್ನೆರಡು ಸ್ಥಳಗಳು. ಉಳ್ಳಾಲದ ಸಯ್ಯಿದ್ ಮದನಿ ದರ್ಗಾಕ್ಕೆ ಎಲ್ಲ ಮತದವರೂ ಹರಕೆ ಹೊತ್ತು ಬರುತ್ತಾರೆ. ಅಲ್ಲಿಯ ದೊಡ್ಡ ಉರೂಸ್ ಐದು ವರ್ಷಕ್ಕೊಮ್ಮೆ. ಉಡುಪಿಗೆ ಹೋಗುವ ಹೆದ್ದಾರಿಯ ಬದಿಯಲ್ಲೇ ಇರುವ ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನವನ್ನು ಕಟ್ಟಿಸಿದವನು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯೆಂದು ಐತಿಹ್ಯ. ಜಾತ್ರೆಯ ಸಮಯದಲ್ಲಿ ಆ ಮನೆತನಕ್ಕೆ ದೇವರ ಪ್ರಸಾದ ಸಲ್ಲುವ ಪದ್ಧತಿ ಈಗಲೂ ಇದೆ.

ಭೇಟಿಯ ರೀತಿಯ ಬಗ್ಗೆ ಕೆಲವು ಮಾತು. ಸಂವಿಧಾನದ 28ನೇ ವಿಧಿಯು ಪೂರ್ಣವಾಗಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಗಳಲ್ಲಿ ಮತಬೋಧನೆಯನ್ನು ನಿಷೇಧಿಸುತ್ತದೆ. ಅನುದಾನಿತ ಶಾಲೆಗಳಲ್ಲೂ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಆರಾಧನೆಯಲ್ಲಿ ಪಾಲ್ಗೊಳಿಸುವಂತಿಲ್ಲ. ನೋಡಿ ತಿಳಿಯುವುದಕ್ಕೆ ಈ ವಿಧಿ ಅಡ್ಡಿಯಲ್ಲ, ಆದರೆ ನೋಡುವುದಕ್ಕೂ ಪೂಜಿಸುವುದಕ್ಕೂ ಇರುವ ಗೆರೆಯನ್ನು ಶಿಕ್ಷಕರು ಕಾಯಬೇಕು. ಆದ್ದರಿಂದ ಹೊರಡುವ ಮೊದಲೇ ಪೋಷಕರಿಗೆ ಸ್ಥಳಗಳ ಪಟ್ಟಿ ಕಳುಹಿಸಿ ಒಪ್ಪಿಗೆ ಪಡೆಯಿರಿ. ತೀರ್ಥ ತೆಗೆದುಕೊ, ಕೈಮುಗಿ, ಶಿಲುಬೆಯ ಗುರುತು ಮಾಡು ಎಂದು ಯಾವ ಮಗುವಿಗೂ ಹೇಳಬೇಡಿ. ತಾನಾಗಿ ಕೈಮುಗಿದ ಮಗುವನ್ನು ತಡೆಯಲೂ ಬೇಡಿ. ಇಗರ್ಜಿಯಲ್ಲಿ ಬಲಿಪೂಜೆ ನಡೆಯುತ್ತಿದ್ದರೆ ಹಿಂದಿನ ಬೆಂಚುಗಳಲ್ಲಿ ಕೂರಬಹುದು, ಆದರೆ ಪರಮಪ್ರಸಾದದ ಸಾಲಿನಲ್ಲಿ ನಿಲ್ಲಬಾರದು, ಅದು ದೀಕ್ಷೆ ಪಡೆದವರಿಗೆ ಮಾತ್ರ. ದೇವಸ್ಥಾನಗಳಲ್ಲಿ ಗಂಡಸರು ಅಂಗಿ ತೆಗೆಯಬೇಕಾಗಬಹುದು. ಕೆಲವೆಡೆ ಅನ್ಯಮತೀಯರಿಗೆ ಒಳಾಂಗಣದ ಪ್ರವೇಶವಿರದು. ತಮ್ಮ ತಂಡದಲ್ಲಿ ಎಲ್ಲ ಮತದ ಮಕ್ಕಳಿರುತ್ತಾರೆ. ಅವರಲ್ಲಿ ಒಬ್ಬರನ್ನೂ ಬಾಗಿಲಲ್ಲಿ ತಡೆದು ನಿಲ್ಲಿಸುವಂತಾಗಬಾರದು. ಅಂಥ ಕಡೆ ಇಡೀ ತಂಡ ಹೊರಾಂಗಣದಲ್ಲೇ ನಿಂತು ನೋಡಲಿ.

ಮಂಗಳವಾರದಿಂದ ಗುರುವಾರದವರೆಗಿನ ಯಾವುದಾದರೂ ದಿನವನ್ನು ಆರಿಸಿಕೊಳ್ಳಿ. ಬೆಳಿಗ್ಗೆ ಬೇಗ ಕದ್ರಿ, ಅಲ್ಲಿಂದ ಬಲ್ಮಠ ಮತ್ತು ಅಲೋಶಿಯಸ್, ಊಟದ ನಂತರ ಬಂದರಿನ ಮಸೀದಿ, ಸಂಜೆಗೆ ಮುಂಚೆ ಮಿಲಾಗ್ರಿಸ್ ಅಥವಾ ರೊಸಾರಿಯೊ, ಕೊನೆಗೆ ಕುದ್ರೋಳಿ. ಮಧ್ಯಾಹ್ನದ ಪೂಜೆಯ ಬಳಿಕ ದೇವಸ್ಥಾನಗಳು ಮುಚ್ಚುವುದರಿಂದ ಈ ಕ್ರಮವೇ ಅನುಕೂಲ. ಎಲ್ಲವನ್ನೂ ನೋಡಲೇಬೇಕೆಂಬ ಹಟ ಬೇಡ, ನಾಲ್ಕು ಸ್ಥಳ ಸಮಾಧಾನದಿಂದ ನೋಡಿದರೆ ಸಾಕು. ಪ್ರವಾಸಕ್ಕೆ ಒಂದು ತಿಂಗಳು ಮೊದಲು ದೇವಸ್ಥಾನದ ಕಚೇರಿ, ಮಸೀದಿಯ ಆಡಳಿತ ಸಮಿತಿ, ಇಗರ್ಜಿಯ ಧರ್ಮಗುರುಗಳಿಗೆ ಶಾಲೆಯ ಮುದ್ರೆಯಿರುವ ಪತ್ರ ಬರೆಯಿರಿ. ಮಕ್ಕಳ ಸಂಖ್ಯೆ, ಬರುವ ಹೊತ್ತು ತಿಳಿಸಿ, ಅಲ್ಲಿನವರೇ ಒಬ್ಬರು ಮಕ್ಕಳೊಡನೆ ಹತ್ತು ನಿಮಿಷ ಮಾತಾಡಬೇಕೆಂದು ಕೇಳಿಕೊಳ್ಳಿ. ಮುಂದಿನ ಪ್ರವಾಸದ ವೇಳಾಪಟ್ಟಿ ಮುಖ್ಯೋಪಾಧ್ಯಾಯರ ಸಹಿಗೆ ಹೋಗುವ ಮೊದಲು ಈ ಒಂದು ದಿನವನ್ನು ಅದರಲ್ಲಿ ಸೇರಿಸಬೇಕೆಂದು ಕೋರಲಾಗಿದೆ.

ಗೌರವಾದರಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಮಂಗಳೂರಿನ ನಿವಾಸಿಯೊಬ್ಬರು